ಹನ್ನೊಂದು ಎಣಿಸುವಷ್ಟು ಹೊತ್ತು

ಕೆಂಪಾಪುರ
೬ ಆಗಸ್ಟ್ ೨೦೧೭

ದೊಡ್ಡಪ್ಪ, ನಮಸ್ಕಾರ.

ನಿಮಗೆ ಫೋನಿನಲ್ಲಿ ಕೇಳಿಸುವುದಿಲ್ಲವೆಂಬ ನೆಪ ಸಿಕ್ಕಿದ್ದರಿಂದ ಕಾಗದ ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ಎದುರಿಗೆ ಕೂತು ಹೇಳುವ ಧೈರ್ಯ ಬರಲಿಲ್ಲ. ಕಳೆದ ತಿಂಗಳು ದೊಡ್ಡಮ್ಮನನ್ನು ನೋಡಲು ಚಿಕ್ಕಜಾಲಕ್ಕೆ ಬಂದಾಗ ಮೂರು ಸಲ ಬಾಯಿ ತೆರೆದೆ, ಮೂರು ಸಲವೂ ಕಾಫಿ ಕುಡಿದು ಸುಮ್ಮನಾದೆ.

ನಾನು ಬಿ.ಎಡ್. ಓದುತ್ತಿದ್ದೇನೆ. ಯಲಹಂಕದ ಕಾಲೇಜು. ಸೇರಿ ಒಂದು ವರ್ಷವಾಯಿತು. ಆರ್.ಟಿ. ನಗರದ ಲ್ಯಾಬಿನ ಕೆಲಸ ಬಿಟ್ಟೆ; ಹನ್ನೆರಡು ವರ್ಷ ಜನರ ರಕ್ತ ನೋಡಿದ್ದು ಸಾಕೆನಿಸಿತು. ತರಗತಿಯಲ್ಲಿ ಎಲ್ಲರಿಗಿಂತ ಹಿರಿಯಳು ನಾನೇ. ಪಕ್ಕದಲ್ಲಿ ಕೂರುವ ಅಕ್ಬರಿ ಎಂಬ ಹುಡುಗಿಗೆ ಇಪ್ಪತ್ತೆರಡು. ಮೊದಲ ದಿನ ನಾನು ಒಳಗೆ ಬಂದಾಗ ಉಪನ್ಯಾಸಕಿ ಎಂದುಕೊಂಡು ಎದ್ದು ನಿಂತಿದ್ದಳು.

೨೦೦೧ರಲ್ಲಿ ಟಿ.ಸಿ.ಎಚ್. ಶಿಕ್ಷಕ ತರಬೇತಿಯ ಪರೀಕ್ಷಾ ಪಾಠದ ದಿನ ನಾನು ತರಗತಿಯಿಂದ ಓಡಿಹೋದದ್ದು ನಿಮಗೆ ನೆನಪಿರುತ್ತದೆ. ನಿಮಗೆ ಎಲ್ಲವೂ ನೆನಪಿರುತ್ತದೆ. ಬರುವ ಫೆಬ್ರವರಿಯಲ್ಲಿ ಮತ್ತೆ ಅಂಥದೇ ಒಂದು ಪಾಠವಿದೆ. ಮೂವತ್ತೈದು ನಿಮಿಷ, ಎದುರಿಗೆ ಮಕ್ಕಳು, ಹಿಂದಿನ ಬೆಂಚಿನಲ್ಲಿ ಹೊರಗಿನ ಪರೀಕ್ಷಕರು. ಅಲ್ಲಿ ನಿಲ್ಲಬಲ್ಲೆನೇ ಎಂಬುದೊಂದೇ ಈಗ ನನ್ನ ತಲೆಯಲ್ಲಿರುವುದು. ಈ ಸಲವೂ ಓಡಿದರೆ ಮೂರನೆಯ ಸಲ ಇರುವುದಿಲ್ಲ.

ನನ್ನ ಪಾಠಯೋಜನೆಗಳನ್ನು ಕಳಿಸಿದರೆ ನೋಡಿಕೊಡುತ್ತೀರಾ?

ನಿಮ್ಮ
ಆಶಾ

*

ಚಿಕ್ಕಜಾಲ
೧೪ ಆಗಸ್ಟ್ ೨೦೧೭

ಚಿ. ಆಶಾರಾಣಿಗೆ,

ಒಂದು ವರ್ಷ. ನನ್ನ ತಮ್ಮನ ಮಗಳು ನನ್ನದೇ ವೃತ್ತಿಗೆ ಕಾಲಿಟ್ಟು ಒಂದು ವರ್ಷವಾಗಿದೆ, ಅದು ತಿಳಿಯದವನು ಈ ಚಿಕ್ಕಜಾಲದಲ್ಲಿ ನಾನೊಬ್ಬನೇ. ನಿನ್ನ ದೊಡ್ಡಮ್ಮನನ್ನು ಕೇಳಿದೆ. ‘ನಂಗೊತ್ತಿತ್ತು, ನೀನು ಇಂಗೆ ಕೂಗಾಡ್ತೀಯ ಅಂತ್ಲೇ ಯೋಳಿಲ್ಲ’ ಎಂದು ಕೈಯಾಡಿಸಿ ಒಳಗೆ ಹೋದಳು. ನಾನು ಕೂಗಾಡುವವನಂತೆ. ಈ ಊರಿನ ನಡುವೆ ಆರು ಸಾಲಿನ ರಸ್ತೆ ಸೀಳಿದಾಗ ಜನ ದಾಟಲು ಜಾಗ ಬಿಡಿ ಎಂದು ಹದಿನಾಲ್ಕು ಅರ್ಜಿ ಬರೆದೆ. ಅದು ಕೂಗಾಟವೇ? ಈ ಕಾಗದವನ್ನು ಡಬ್ಬಿಗೆ ಹಾಕಲು ನಾನೀಗ ಅರ್ಧ ಮೈಲಿ ಸುತ್ತಬೇಕು.

ಯೋಜನೆಗಳನ್ನು ಕಳಿಸು. ಆದರೆ ಒಂದು ಮಾತು. ನೀವೆಲ್ಲ ಫೋನಿನಲ್ಲಿ ಬಳಗ ಕಟ್ಟಿಕೊಂಡು ಹಳೆಯ ವರ್ಷದವರ ಪಾಠಯೋಜನೆಗಳನ್ನು ಹಂಚಿಕೊಳ್ಳುತ್ತೀರೆಂದು ಇಲ್ಲಿನ ಶಾಲೆಯ ಹುಡುಗಿ ಟೀಚರೊಬ್ಬಳು ಹೇಳಿದಳು. ನಾವು ೧೯೬೫ರಲ್ಲಿ ತರಬೇತಿಯಲ್ಲಿದ್ದಾಗಲೂ ಕದಿಯುತ್ತಿದ್ದೆವು, ಸುಳ್ಳು ಹೇಳುವುದಿಲ್ಲ. ಆದರೆ ಕೈಯಲ್ಲಿ ಬರೆದು ಕದಿಯುತ್ತಿದ್ದೆವು. ಬರೆಯುವಾಗ ಒಂದಿಷ್ಟಾದರೂ ತಲೆಗೆ ಹತ್ತುತ್ತಿತ್ತು. ಬೆರಳು ಸವರಿ ಕದ್ದದ್ದು ಬೆರಳಿನಲ್ಲೇ ಉಳಿಯುತ್ತದೆ.

ಹಳೆಯದನ್ನು ನಾನು ಎತ್ತುವುದಿಲ್ಲ.

ಮುನಿರಾಮಯ್ಯ

*

ಕೆಂಪಾಪುರ
೨೪ ಸೆಪ್ಟೆಂಬರ್ ೨೦೧೭

ದೊಡ್ಡಪ್ಪ,

ನೀವು ಗೆದ್ದಿರಿ. ಹೇಗೆಂದು ವಿವರವಾಗಿ ಬರೆಯುತ್ತೇನೆ, ನಿಮಗೆ ಸಂತೋಷವಾಗಲಿ.

ಈ ತಿಂಗಳು ನಮ್ಮನ್ನು ಹೆಬ್ಬಾಳದ ಕಡೆಯ ಒಂದು ಪ್ರೌಢಶಾಲೆಗೆ ಬೋಧನಾಭ್ಯಾಸಕ್ಕೆ ಹಾಕಿದ್ದಾರೆ. ಎಂಟನೆಯ ತರಗತಿಗೆ ಮಿಶ್ರಣಗಳ ಪಾಠ. ಮೊದಲ ದಿನ ನಾನು, ಎರಡನೆಯ ದಿನ ಅಕ್ಬರಿ, ಮೂರನೆಯ ದಿನ ನಮ್ಮ ಇನ್ನೊಬ್ಬ ಸಹಪಾಠಿ ಪದ್ಮಶ್ರೀ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದ ಒಂದು ಹಳೆಯ ಯೋಜನೆ ಇತ್ತು, ಬಹಳ ಅಚ್ಚುಕಟ್ಟಾಗಿತ್ತು. ಮೂವರೂ ಒಬ್ಬರಿಗೊಬ್ಬರು ಹೇಳದೆ ಅದನ್ನೇ ಇಳಿಸಿಕೊಂಡೆವು.

ಮೊದಲ ದಿನ ನಾನು ಲೋಟಕ್ಕೆ ಉಪ್ಪು ಹಾಕಿ ಕಲಕಿ, ಯೋಜನೆಯಲ್ಲಿ ಇದ್ದ ಹಾಗೆಯೇ ಕೇಳಿದೆ: ‘ಮಕ್ಕಳೇ, ನಿಮ್ಮ ಊರಿನ ಸಮುದ್ರದ ನೀರಿನ ರುಚಿ ಹೇಗಿರುತ್ತದೆ?’ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಮುಂದಿನ ಬೆಂಚಿನ ಹುಡುಗಿ ನನ್ನ ಮೇಲೆ ಕನಿಕರಪಟ್ಟು ಹೇಳಿದಳು: ‘ಮಿಸ್, ನಮ್ಗಿರೋದು ಹೆಬ್ಬಾಳ ಕೆರೆ. ಅದನ್ನ ಯಾರೂ ಕುಡಿಯಲ್ಲ.’ ಆ ಯೋಜನೆ ಬರೆದ ಪುಣ್ಯಾತ್ಮರು ಕರಾವಳಿಯವರು.

ಮರುದಿನ ಅಕ್ಬರಿ ಲೋಟ ಹೊರಗೆ ತೆಗೆದಳು, ಮಕ್ಕಳು ಮುಸಿಮುಸಿ ನಕ್ಕರು. ಮೂರನೆಯ ದಿನ ಪದ್ಮಶ್ರೀ ಚೀಲಕ್ಕೆ ಕೈಹಾಕಿದ್ದೇ ತಡ, ಇಡೀ ತರಗತಿ ಒಂದೇ ಕೊರಳಲ್ಲಿ ‘ಈಗ ಉಪ್ಪು ಹಾಕ್ತೀರಾ, ಕಲಕ್ತೀರಾ, ಉಪ್ಪು ಎಲ್ಲಿ ಹೋಯ್ತು ಅಂತ ಕೇಳ್ತೀರಾ’ ಎಂದಿತು. ಹಿಂದೆ ಕೂತಿದ್ದ ನಮ್ಮ ಸುಬ್ಬಲಕ್ಷ್ಮಮ್ಮ ಮೇಡಂ ಪುಸ್ತಕದಿಂದ ಮುಖ ಮುಚ್ಚಿಕೊಂಡರು. ಕೋಪವೆಂದುಕೊಂಡೆವು. ಭುಜ ಅಲುಗುತ್ತಿತ್ತು.

ಮೂವರಿಗೂ ಪಾಠ ಮತ್ತೆ ಮಾಡುವ ಶಿಕ್ಷೆಯಾಗಿದೆ. ಈ ಸಲ ಸ್ವಂತ ಯೋಜನೆ. ಪಾಠ ಹೇಗಿತ್ತು ಎಂದು ನಮ್ಮ ವೀಕ್ಷಣಾ ಪುಸ್ತಕ ನೋಡಿದರೆ ಏನೂ ತಿಳಿಯುವುದಿಲ್ಲ. ಸಹಪಾಠಿಗಳು ಹಿಂದೆ ಕೂತು ಬರೆಯಬೇಕಾದದ್ದು ಅದು. ಸಮುದ್ರದ ಪಾಠಕ್ಕೂ ಪದ್ಮಶ್ರೀ ‘ಧ್ವನಿ ಸ್ಪಷ್ಟ, ಕಪ್ಪುಹಲಗೆಯ ಬಳಕೆ ಉತ್ತಮ’ ಎಂದು ಬರೆದುಕೊಟ್ಟಿದ್ದಾಳೆ. ನಾನು ಕಪ್ಪುಹಲಗೆಯನ್ನು ಮುಟ್ಟಿರಲೇ ಇಲ್ಲ.

ಆಶಾ

*

ಚಿಕ್ಕಜಾಲ
೨ ಅಕ್ಟೋಬರ್ ೨೦೧೭

ಆಶಾ,

ನಿನ್ನ ಕಾಗದವನ್ನು ನಿನ್ನ ದೊಡ್ಡಮ್ಮನಿಗೆ ಎರಡು ಸಲ ಓದಿ ಹೇಳಿದೆ. ಎರಡನೆಯ ಸಲ ಅವಳು ಅಂಚೆಯ ಲಕ್ಕಣ್ಣನನ್ನೂ ಕೂರಿಸಿಕೊಂಡಳು. ಅವನಿಗೂ ಸಮುದ್ರದ ರುಚಿ ಗೊತ್ತಿಲ್ಲವಂತೆ.

ನಗು ಮುಗಿದ ಮೇಲೆ ನನಗೆ ಕೋಪ ಬಂತು, ಅದನ್ನೂ ಬರೆಯುತ್ತೇನೆ. ನಮ್ಮ ಕಾಲದ ವೀಕ್ಷಣಾ ಪುಸ್ತಕದಲ್ಲೂ ಇದೇ ಎರಡು ವಾಕ್ಯ ಇದ್ದವು. ಐವತ್ತೆರಡು ವರ್ಷ. ಚಂದ್ರನ ಮೇಲೆ ಮನುಷ್ಯ ಇಳಿದ, ಹೊಲದಲ್ಲಿ ವಿಮಾನ ನಿಲ್ದಾಣ ಬಂತು, ‘ಧ್ವನಿ ಸ್ಪಷ್ಟ’ ಮಾತ್ರ ಕದಲಿಲ್ಲ. ಮೇಷ್ಟ್ರಾಗುವವರು ಒಬ್ಬರಿಗೊಬ್ಬರು ಸುಳ್ಳು ಬರೆದುಕೊಡುವುದನ್ನೇ ಮೊದಲು ಕಲಿಯುತ್ತಾರಲ್ಲ.

ಆದ್ದರಿಂದ ನನಗೆ ಯೋಜನೆ ಬೇಡ. ಯೋಜನೆ ಎಂದರೆ ಆಗಬೇಕು ಎಂದುಕೊಂಡದ್ದು. ತರಗತಿಯಲ್ಲಿ ಆದದ್ದು ಏನು ಎಂದು ಬರೆದು ಕಳಿಸು. ನೀನು ಏನೆಂದೆ, ಮಕ್ಕಳು ಏನೆಂದರು, ಅಷ್ಟೇ. ನೆನಪಿನಿಂದ ಬರೆದರೆ ನಿನ್ನ ಅನುಕೂಲಕ್ಕೆ ಬರೆಯುತ್ತೀಯ. ಹೇಗೆ ಮಾಡುತ್ತೀಯೋ ನಿನಗೇ ಬಿಟ್ಟದ್ದು.

ಮುನಿರಾಮಯ್ಯ

*

ಕೆಂಪಾಪುರ
೨೯ ಅಕ್ಟೋಬರ್ ೨೦೧೭

ದೊಡ್ಡಪ್ಪ,

ಹೇಗೆಂದು ತಲೆಕೆಡಿಸಿಕೊಂಡಿದ್ದಾಗ ಅಕ್ಬರಿ ಹೇಳಿದಳು: ‘ಅಕ್ಕಾ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಅದಕ್ಕೆ ಫ್ರೆಂಡ್‌ಶಿಪ್ ಇರಲ್ಲ.’ ಮೇಡಂ ಅವರ ಮತ್ತು ಶಾಲೆಯವರ ಒಪ್ಪಿಗೆ ಪಡೆದು, ಫೋನನ್ನು ಸೀಮೆಸುಣ್ಣದ ಡಬ್ಬಿಯಲ್ಲಿ ನಿಲ್ಲಿಸಿ ಒತ್ತಡದ ಪಾಠ ಮಾಡಿದೆ. ಮನೆಗೆ ಬಂದು ಚಪಾತಿ ಲಟ್ಟಿಸುತ್ತ ಕೇಳಿದೆ. ಮೂರೇ ನಿಮಿಷಕ್ಕೆ ನಿಲ್ಲಿಸಿದೆ. ಯಾರೋ ಒಬ್ಬ ಹೆಂಗಸು ಬಸ್ಸು ತಪ್ಪುತ್ತದೆಂದು ಓಡುತ್ತ ಮಾತಾಡುತ್ತಿರುವ ಹಾಗಿತ್ತು. ನನ್ನ ಯಜಮಾನರು ವಿಜಯ್ ಅಡುಗೆಮನೆಗೆ ಇಣುಕಿ, ‘ಯಾರು, ಹೊಸ ಪಕ್ಕದಮನೆಯವರಾ?’ ಎಂದರು.

ಆದರೂ ನಿಮಗೆ ಕೇಳಿಸುವುದಿಲ್ಲವಾದ್ದರಿಂದ ಎರಡು ಭಾನುವಾರ ಕೂತು, ನಿಲ್ಲಿಸಿ ನಿಲ್ಲಿಸಿ ಕೇಳಿ, ಪೂರ್ತಿ ಪಾಠವನ್ನು ಬರೆದಿದ್ದೇನೆ. ಜಕ್ಕೂರಿನ ಪುಟ್ಟ ವಿಮಾನ ಮೇಲೆ ಹಾದು ಮಾತು ಮುಚ್ಚಿಹೋದ ಕಡೆ ಹಾಗೆಯೇ ಗುರುತು ಹಾಕಿದ್ದೇನೆ. ಹದಿನೇಳು ಪುಟ ಇದರೊಂದಿಗಿವೆ. ಮೊದಲ ಪುಟ ಹೀಗಿದೆ:

ನಾನು: ಮೊಳೆಯ ತುದಿ ಚೂಪಾಗಿ ಯಾಕಿರುತ್ತೆ? ಒತ್ತಡ ಜಾಸ್ತಿ ಆಗಲಿ ಅಂತ, ಅಲ್ವಾ?
ಮಕ್ಕಳು: ಹೌದು ಮಿಸ್.
ನಾನು: ನಿಮ್ಮ ಬ್ಯಾಗಿನ ಪಟ್ಟಿ ಅಗಲ ಯಾಕಿರುತ್ತೆ? ಭುಜಕ್ಕೆ ಒತ್ತಡ ಕಮ್ಮಿ ಆಗಲಿ ಅಂತ, ಅಲ್ವಾ?
ಮಕ್ಕಳು: ಹೌದು ಮಿಸ್.

ಕೆಂಪು ಶಾಯಿ ಎಷ್ಟು ಬೇಕಾದರೂ ಬಳಸಿ.

ಆಶಾ

*

ಚಿಕ್ಕಜಾಲ
೬ ನವೆಂಬರ್ ೨೦೧೭

ಆಶಾ,

ಹದಿನೇಳು ಪುಟವನ್ನೂ ಮೂರು ಸಲ ಓದಿದೆ. ಇಂಥದ್ದನ್ನು ನಾನು ಇಷ್ಟು ವರ್ಷದಲ್ಲಿ ಓದಿರಲಿಲ್ಲ. ಒಂದು ತರಗತಿಯ ಗೋಡೆಯ ಹಿಂದೆ ನಿಂತು ಕೇಳಿದಂತಾಯಿತು, ಕಿವಿಯಿಲ್ಲದವನಿಗೆ. ಆ ನಿನ್ನ ಫೋನಿನ ಬಗ್ಗೆ ಆಗಸ್ಟಿನಲ್ಲಿ ಬರೆದದ್ದರಲ್ಲಿ ಅರ್ಧ ವಾಪಸು ತೆಗೆದುಕೊಳ್ಳುತ್ತೇನೆ. ಕದಿಯುವ ಅರ್ಧ ಹಾಗೆಯೇ ಇರಲಿ.

ನೀನು ನಲವತ್ತೊಂದು ಪ್ರಶ್ನೆ ಕೇಳಿದ್ದೀಯ. ಅದರಲ್ಲಿ ಮೂವತ್ತೆಂಟಕ್ಕೆ ನೀನೇ ಉತ್ತರ ಹೇಳಿದ್ದೀಯ. ‘ಅಲ್ವಾ’ ಎಂಬುದು ಐವತ್ತಾರು ಸಲ. ನಿನಗೆ ವಿಷಯ ಗೊತ್ತು, ಉದಾಹರಣೆಗಳು ಚೆನ್ನಾಗಿವೆ, ಮಕ್ಕಳಿಗೂ ನಿನ್ನನ್ನು ಕಂಡರೆ ಪ್ರೀತಿ. ಆದರೆ ಬಾಗಿಲು ತಟ್ಟಿ, ಒಳಗಿನವರು ಎದ್ದು ಬರುವಷ್ಟರಲ್ಲಿ ಮುಂದಿನ ಮನೆಗೆ ಹೋಗುತ್ತೀಯ.

ಮುಂದಿನ ಪಾಠದಲ್ಲಿ ಪ್ರಶ್ನೆ ಕೇಳಿದ ಮೇಲೆ ಸುಮ್ಮನೆ ನಿಲ್ಲು. ಮನಸ್ಸಿನಲ್ಲಿ ಹತ್ತು ಎಣಿಸು. ಯಾರೂ ಮಾತಾಡದಿದ್ದರೂ ನಿಲ್ಲು. ಎಷ್ಟು ಹೊತ್ತು ನಿಂತೆ ಎಂದು ಬರೆಯುವಾಗ ಅಂಚಿನಲ್ಲಿ ಹಾಕು.

ಮುನಿರಾಮಯ್ಯ

*

ಕೆಂಪಾಪುರ
೧೯ ನವೆಂಬರ್ ೨೦೧೭

ದೊಡ್ಡಪ್ಪ,

ಹತ್ತು ಎಣಿಸಲಾಗಲಿಲ್ಲ. ಎರಡಕ್ಕೆ ಕೈ ಬೆವರಿತು, ಮೂರಕ್ಕೆ ಉತ್ತರ ಹೇಳಿಬಿಟ್ಟೆ.

೨೦೦೧ರಲ್ಲಿ ನಾನು ಪಾಠ ಮರೆತು ಓಡಲಿಲ್ಲ. ನಾನದನ್ನು ಯಾರಿಗೂ ಹೇಳಿಲ್ಲ. ಪಾಠ ಪೂರ್ತಿ ನೆನಪಿತ್ತು. ಒಂದು ಪ್ರಶ್ನೆ ಕೇಳಿದೆ, ಯಾರೂ ಉತ್ತರಿಸಲಿಲ್ಲ. ಆ ಮೌನದಲ್ಲಿ ನಲವತ್ತು ಮಕ್ಕಳು, ಇಬ್ಬರು ಪರೀಕ್ಷಕರು ನನ್ನನ್ನೇ ನೋಡುತ್ತಿದ್ದರು. ಅದು ಮುಗಿಯುವುದೇ ಇಲ್ಲವೆನಿಸಿತು. ಹೊರಗೆ ಜಗಲಿಯಲ್ಲಿ ನೀವು ಕೂತಿದ್ದಿರಿ. ನೀವು ಹೇಳಿದ ಮಾತು ನನಗೆ ಈಗಲೂ ಅಕ್ಷರ ಬಿಡದೆ ನೆನಪಿದೆ: ‘ಪಾಠ ಮಾಡೋಕೆ ಎದೆ ಬೇಕು. ಅದು ನಿನಗಿಲ್ಲ, ಬಿಡು.’

ಅಂದಿನಿಂದ ನಾನು ಎಲ್ಲೂ ಮೌನಕ್ಕೆ ಜಾಗ ಕೊಟ್ಟಿಲ್ಲ, ಮದುವೆ ಮನೆಯಲ್ಲೂ. ಈಗ ನೀವೇ ನನ್ನನ್ನು ಅದರೊಳಗೆ ಹೋಗಿ ನಿಲ್ಲು ಎನ್ನುತ್ತಿದ್ದೀರಿ.

ಆಶಾ

*

ಚಿಕ್ಕಜಾಲ
೧೦ ಡಿಸೆಂಬರ್ ೨೦೧೭

ಆಶಾ,

ಮೂರು ವಾರ ಉತ್ತರ ಬರೆಯಲಾಗಲಿಲ್ಲ. ಚಳಿ ಎಂದು ಬರೆಯಬಹುದಿತ್ತು.

ಆ ದಿನ ಜಗಲಿಯಲ್ಲಿ ನನ್ನ ಪಕ್ಕ ಮೂವರು ಹೆಡ್‌ಮಾಸ್ತರರು ಕೂತಿದ್ದರು. ಮುನಿರಾಮಯ್ಯನವರ ಮನೆಯ ಹುಡುಗಿ ಎಂದು ಅವರಿಗೆಲ್ಲ ಹೇಳಿಟ್ಟಿದ್ದವನು ನಾನೇ. ನೀನು ಓಡಿ ಬಂದಾಗ ನಾನು ನೋಡಿದ್ದು ಅವರ ಮುಖವನ್ನು, ನಿನ್ನದನ್ನಲ್ಲ. ಆ ಮಾತು ನಿನಗೆ ಹೇಳಿದ್ದಲ್ಲ, ಅವರಿಗೆ ಕೇಳಲೆಂದು ಹೇಳಿದ್ದು. ಹದಿನಾರು ವರ್ಷದಿಂದ ಅದು ನನಗೆ ಗೊತ್ತು. ತಪ್ಪು ನನ್ನದು.

ಹತ್ತು ಎಣಿಸಬೇಡ. ನಾಲ್ಕು ಎಣಿಸು. ನಾಲ್ಕು ಬಂದ ಮೇಲೆ ಐದರ ಮಾತು.

ದೊಡ್ಡಪ್ಪ

(ನಿನ್ನ ದೊಡ್ಡಮ್ಮ ಬರೆಸಿದ್ದು: ‘ಬರೋ ಭಾನುವಾರ ಬಾ. ಅವರೆಕಾಯಿ ಬಂದದೆ. ಇವ್ರು ಮೂರು ವಾರದಿಂದ ಯಾರ ಮೇಲೂ ಸಿಟ್ಟು ಮಾಡಿಲ್ಲ, ನಂಗೆ ಭಯ ಆಗ್ತದೆ.’)

*

ಕೆಂಪಾಪುರ
೨೧ ಜನವರಿ ೨೦೧೮

ದೊಡ್ಡಪ್ಪ,

ಆ ಭಾನುವಾರ ಅವರೆಕಾಳು ಹಿಸುಕುತ್ತ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ನನಗೆ ಅದೇ ಸಾಕಾಗಿತ್ತು.

ಈಗ ಏಳರವರೆಗೆ ಬಂದಿದ್ದೇನೆ. ಇದು ನನ್ನೊಬ್ಬಳ ಸಾಹಸವಲ್ಲ. ನಿಮ್ಮ ಕೆಂಪು ಶಾಯಿಯ ಪುಟಗಳ ಫೋಟೋ ತೆಗೆದು ಗುಂಪಿಗೆ ಹಾಕಿದ್ದೆ. ಆಮೇಲೆ ಅಕ್ಬರಿ ತನ್ನ ಪಾಠದ ಅರ್ಧ ನಿಮಿಷದ ತುಣುಕು ಹಾಕಿ, ‘ನಂದು ಇನ್ನೂ ಭಯಂಕರ, ಕೇಳಿ’ ಎಂದಳು. ಅಲ್ಲಿಂದ ಶುರುವಾಯಿತು. ಸುಪ್ರಭಾತದ ಚಿತ್ರ, ಹೂವಿನ ಚಿತ್ರಗಳೆಲ್ಲ ನಿಂತು, ಈಗ ಪ್ರತಿ ಸಂಜೆ ಯಾರಾದರೊಬ್ಬರು ತಮ್ಮ ಪಾಠದ ಒಂದು ತುಣುಕು ಹಾಕುತ್ತಾರೆ, ಪ್ರಶ್ನೆ ಕೇಳಿ ಅವರು ಎಷ್ಟು ಹೊತ್ತು ಕಾದರೆಂದು ಉಳಿದವರು ಎಣಿಸುತ್ತಾರೆ. ಮಕ್ಕಳ ಹೆಸರು ಹಾಕುವಂತಿಲ್ಲ, ‘ಸೂಪರ್’ ಎಂದು ಬರೆಯುವಂತಿಲ್ಲ, ಎರಡೇ ನಿಯಮ. ಅಕ್ಬರಿ ಬೆಂಚುಗಳ ನಡುವೆ ನಿಂತು ಕೈಯನ್ನು ಬೆನ್ನ ಹಿಂದೆ ಕಟ್ಟಿ ಬೆರಳು ಮಡಚುತ್ತಾಳೆ. ಮಕ್ಕಳು ಅದನ್ನೂ ಕಂಡುಹಿಡಿದಿದ್ದಾರೆ. ‘ಮಿಸ್ ಇನ್ನೂ ಎರಡು ಬೆರಳಿದೆ, ಯೋಚನೆ ಮಾಡ್ರೋ’ ಎಂದು ಒಬ್ಬರಿಗೊಬ್ಬರು ಪಿಸುಗುಡುತ್ತಾರಂತೆ.

ಇನ್ನೊಂದು ವಿಷಯ, ಬೈಯಬೇಡಿ. ಹನ್ನೊಂದು ಜನ ತಮ್ಮ ಪಾಠಗಳನ್ನು ಬರೆದು ನಿಮಗೆ ಅಂಚೆಯಲ್ಲಿ ಹಾಕಿದ್ದಾರೆ. ವಿಳಾಸ ಕೊಟ್ಟವಳು ನಾನು.

ಆಶಾ

*

ಚಿಕ್ಕಜಾಲ
೩೦ ಜನವರಿ ೨೦೧೮

ಆಶಾ,

ಹನ್ನೊಂದಲ್ಲ, ಹದಿನಾಲ್ಕು. ಲಕ್ಕಣ್ಣ ಕಟ್ಟನ್ನು ಜಗಲಿಯ ಮೇಲಿಟ್ಟು, ‘ಮೇಷ್ಟ್ರೇ, ಏನ್ ಸಮಾಚಾರ, ಎಲೆಕ್ಷನ್‌ಗೆ ನಿಂತಿದ್ದೀರಾ?’ ಎಂದ. ಕೆಂಪು ಶಾಯಿ ಮುಗಿದು, ರಸ್ತೆ ದಾಟಿ ಹೋಗಿ ಮೂರು ಪೆನ್ನು ತಂದೆ. ಬೆಳಿಗ್ಗೆ ತಿಂಡಿಯಾದ ಮೇಲೆ ಕೂತರೆ ಊಟಕ್ಕೆ ಕರೆಯುವವರೆಗೆ ಏಳುವುದಿಲ್ಲ. ನಿವೃತ್ತನಾಗಿ ಹದಿನೈದು ವರ್ಷವಾದ ಮೇಲೆ ನನಗೆ ಇಷ್ಟೊಂದು ಸಿಟ್ಟು ಬರುವ ಕೆಲಸ ಸಿಕ್ಕಿರಲಿಲ್ಲ.

ಅಕ್ಬರಿ ಎಂಬ ಆ ಹುಡುಗಿಗೆ ಹೇಳು. ಅವಳ ಪಾಠದ ಒಂಬತ್ತನೆಯ ಪುಟದಲ್ಲಿ ಒಬ್ಬ ಹುಡುಗ ತಪ್ಪು ಉತ್ತರ ಹೇಳಿದಾಗ ‘ಹಾಗಂತ ಯಾಕನ್ನಿಸ್ತು?’ ಎಂದು ಕೇಳಿದ್ದಾಳೆ. ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಅದು ಬೈಗುಳದ ಗೆರೆಯಲ್ಲ.

ನಿನ್ನ ಪಾಠದ ದಿನ ಯಾವುದೆಂದು ಬರೆ. ನಾನು ಬರುವುದಿಲ್ಲ. ಜಗಲಿಯಲ್ಲಿ ಯಾರೂ ಕೂರುವುದು ಬೇಡ.

ದೊಡ್ಡಪ್ಪ

*

ಕೆಂಪಾಪುರ
೨೪ ಫೆಬ್ರವರಿ ೨೦೧೮

ದೊಡ್ಡಪ್ಪ,

ನಿನ್ನೆ ಆಯಿತು. ಇಂದೇ ಬರೆಯದಿದ್ದರೆ ನನ್ನ ಅನುಕೂಲಕ್ಕೆ ಬರೆಯುತ್ತೇನೆ.

ಘರ್ಷಣೆಯ ಪಾಠ. ಪರೀಕ್ಷಕರು ತುಮಕೂರು ಕಡೆಯವರು, ಎತ್ತರದ ಮನುಷ್ಯ, ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಹೋಯಿತು. ಆಮೇಲೆ ಕೇಳಿದೆ: ‘ನಾಳೆ ಬೆಳಿಗ್ಗೆ ಏಳೋ ಹೊತ್ತಿಗೆ ಲೋಕದಲ್ಲಿ ಘರ್ಷಣೆಯೇ ಇಲ್ಲ ಅಂದ್ಕೊಳ್ಳಿ. ಮೊದಲು ಏನು ಕೆಟ್ಟುಹೋಗುತ್ತೆ?’

ಯಾರೂ ಮಾತಾಡಲಿಲ್ಲ.

ನಾಲ್ಕು. ಐದು. ಏಳಕ್ಕೆ ಪರೀಕ್ಷಕರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ನನ್ನ ಕಣ್ಣು ಬಾಗಿಲ ಕಡೆ ಹೋಯಿತು. ಹೋಯಿತು ಎಂದು ಒಪ್ಪಿಕೊಳ್ಳುತ್ತೇನೆ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆಗ ಮಕ್ಕಳ ಮುಖ ನೋಡಿದೆ. ದೊಡ್ಡಪ್ಪ, ಅವರು ನನ್ನನ್ನು ನೋಡುತ್ತಿರಲಿಲ್ಲ. ಒಬ್ಬಳು ಚಾವಣಿ ನೋಡುತ್ತಿದ್ದಳು, ಒಬ್ಬ ತನ್ನ ಚಪ್ಪಲಿಯನ್ನು ನೆಲಕ್ಕೆ ಉಜ್ಜಿ ನೋಡುತ್ತಿದ್ದ, ಇನ್ನೊಬ್ಬಳು ಜಡೆಯ ತುದಿ ಹಿಡಿದುಕೊಂಡಿದ್ದಳು. ಅವರೆಲ್ಲ ಯೋಚಿಸುತ್ತಿದ್ದರು. ಆ ಮೌನದಲ್ಲಿ ನಾನು ಇರಲೇ ಇಲ್ಲ. ೨೦೦೧ರಲ್ಲೂ ಬಹುಶಃ ಹಾಗೆಯೇ ಇತ್ತೇನೋ.

ಹನ್ನೊಂದಕ್ಕೆ ಜಡೆಯ ಹುಡುಗಿ ಹೇಳಿದಳು: ‘ಮಿಸ್, ಜಡೆ ನಿಲ್ಲಲ್ಲ.’

ನನ್ನ ಯೋಜನೆಯಲ್ಲಿ ಬರೆದುಕೊಂಡಿದ್ದ ಉತ್ತರ ‘ನಡೆಯಲು ಆಗುವುದಿಲ್ಲ’ ಎಂಬುದು. ಜಡೆ ನನಗೆ ಹೊಳೆದಿರಲೇ ಇಲ್ಲ. ಅಲ್ಲಿಂದ ತರಗತಿ ನನ್ನ ಕೈಯಲ್ಲಿ ಉಳಿಯಲಿಲ್ಲ. ಶೂ ಲೇಸು ಬಿಚ್ಚಿತು, ಗೋಡೆಯ ಮೊಳೆ ಜಾರಿತು, ಒಬ್ಬ ಎದ್ದು ಎಲ್ಲರ ಲಾಡಿಯ ಗತಿ ಏನೆಂದು ಕೇಳಿ ಕೂತ. ‘ಬಸ್ಸೇ ಹೊರಡಲ್ಲ’ ಎಂದು ಒಬ್ಬಳು, ‘ಹೊರಟಿದ್ದು ನಿಲ್ಲಲ್ಲ ಕಣೇ’ ಎಂದು ಇನ್ನೊಬ್ಬಳು, ಇಬ್ಬರೂ ಕಪ್ಪುಹಲಗೆಯ ಹತ್ತಿರ ಬಂದು ಚಿತ್ರ ಬರೆದು ವಾದಕ್ಕೆ ನಿಂತರು. ಆಗ ಹಿಂದಿನ ಬೆಂಚಿನಿಂದ ಒಂದು ಗಂಭೀರ ಧ್ವನಿ ಬಂತು: ‘ಹಾಗಾದ್ರೆ ನಾನು ಈ ಬೆಂಚಿನ ಮೇಲೆ ಕೂತಿರ್ತೀನಾ, ಜಾರ್ತೀನಾ?’ ಪರೀಕ್ಷಕರು. ಮಕ್ಕಳು ಅವರಿಗೆ ಜಾರುವುದೇ ಗತಿಯೆಂದು ತೀರ್ಪು ಕೊಟ್ಟರು.

ಮೂವತ್ತೈದು ನಿಮಿಷದ ಪಾಠ ನಲವತ್ತೆರಡಾಯಿತು. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಹೊರಡುವಾಗ ಅವರು ‘ಎಷ್ಟು ವರ್ಷದಿಂದ ಪಾಠ ಮಾಡ್ತಿದ್ದೀರಮ್ಮ?’ ಎಂದು ಕೇಳಿದರು. ಆರು ತಿಂಗಳು ಎಂದೆ. ಅಂಕ ಬರಲು ಇನ್ನೂ ಸಮಯವಿದೆ. ನನಗೆ ಅದರ ಅವಸರ ಇಲ್ಲ.

ಬಾಗಿಲು ತೆರೆದೇ ಇತ್ತು, ದೊಡ್ಡಪ್ಪ. ನಾನು ಒಳಗೇ ಇದ್ದೆ.

ಆಶಾ

*

ಚಿಕ್ಕಜಾಲ
೪ ಮಾರ್ಚ್ ೨೦೧೮

ಆಶಾ ಮೇಷ್ಟ್ರಮ್ಮನಿಗೆ,

ನಿನ್ನ ಕಾಗದ ಬಂದ ದಿನ ನಿನ್ನ ದೊಡ್ಡಮ್ಮ ಒಬ್ಬಟ್ಟು ಮಾಡಿದಳು. ಲಕ್ಕಣ್ಣನಿಗೆ ಮೂರು.

ಮರುದಿನ ನನಗೊಂದು ಹಟ ಬಂತು. ಹದಿನಾಲ್ಕು ಜನರ ಪಾಠಕ್ಕೆ ಕೆಂಪು ಗೆರೆ ಎಳೆದವನು ತನ್ನ ಪಾಠವನ್ನೂ ಒಂದು ಸಲ ಬರೆದು ನೋಡಲಿ ಎಂದು ಕೂತೆ. ೧೯೭೯ರಲ್ಲಿ ಇನ್‌ಸ್ಪೆಕ್ಟರ ಎದುರು ಮಾಡಿದ, ಜಿಲ್ಲೆಯೆಲ್ಲ ಹೊಗಳಿದ ಮಿಂಚಿನ ಪಾಠ. ನನ್ನ ನೆನಪು ನಿನಗೆ ಗೊತ್ತಲ್ಲ. ನಾನು ಹೇಳಿದ್ದು ಒಂದೊಂದು ಮಾತೂ ಬಂತು, ಒಂಬತ್ತು ಪುಟ. ‘ಮಕ್ಕಳು’ ಎಂದು ಬರೆದು ಎದುರಿಗೆ ಏನು ಹಾಕಬೇಕೆಂದು ಯೋಚಿಸಿದೆ. ಒಂದು ಮಾತೂ ಬರಲಿಲ್ಲ. ಮರೆತಿಲ್ಲ ಆಶಾ. ಅವರು ಏನೂ ಹೇಳಿರಲಿಲ್ಲ. ನಾನು ಬಿಟ್ಟಿರಲಿಲ್ಲ.

ಹೀಗಾಗಿ ಗುರುವಾರ ಇಲ್ಲಿನ ಶಾಲೆಗೆ ಹೋಗಿ, ಆ ಹುಡುಗಿ ಟೀಚರಿಗೆ ಒಂದು ಪಿರಿಯಡ್ ಕೊಡಮ್ಮ ಎಂದು ಕೇಳಿದೆ. ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಕೈ ಬೆವರುತ್ತದೆಂದು ನನಗೆ ಗೊತ್ತಿರಲಿಲ್ಲ. ಏಳನೆಯ ತರಗತಿ, ನೆರಳಿನ ಪಾಠ. ನನಗೆ ಅವರ ಮಾತು ಕೇಳಿಸುವುದಿಲ್ಲವಲ್ಲ, ಅದಕ್ಕೆ ಪ್ರತಿಯೊಬ್ಬರ ಕೈಗೂ ಹಾಳೆ ಕೊಟ್ಟು, ಉತ್ತರವನ್ನು ದೊಡ್ಡಕ್ಷರದಲ್ಲಿ ಬರೆದು ಎತ್ತಿ ಹಿಡಿಯಿರಿ ಎಂದೆ. ಅವರು ಬರೆದು ಮುಗಿಸುವವರೆಗೆ ನಾನು ಕಾಯಲೇಬೇಕು, ಬೇರೆ ದಾರಿಯೇ ಇಲ್ಲ. ನಿಂತುಕೊಂಡು ಮೂವತ್ತು ತಲೆಗಳು ಬಗ್ಗಿ ಬರೆಯುವುದನ್ನು ನೋಡಿದೆ. ಮೂವತ್ತೇಳು ವರ್ಷ ಮೇಷ್ಟ್ರಾಗಿದ್ದವನಿಗೆ ಅದೇ ಮೊದಲು ಎನ್ನಬೇಕು.

ಒಬ್ಬಳು ಉತ್ತರ ಬರೆಯದೆ ಪ್ರಶ್ನೆ ಬರೆದು ಎತ್ತಿದಳು: ‘ಸಾರ್, ನಮ್ಮ ಮನೆ ಮೇಲೆ ದಿನಾ ವಿಮಾನ ಹೋಗುತ್ತೆ. ಅದರ ನೆರಳು ಎಲ್ಲಿ ಬೀಳುತ್ತೆ? ನಾನು ಯಾವತ್ತೂ ನೋಡಿಲ್ಲ.’

ಹತ್ತು ವರ್ಷದಿಂದ ನನ್ನ ತಲೆಯ ಮೇಲೆ ವಿಮಾನ ಹಾರುತ್ತಿದೆ. ಗದ್ದಲವೆಂದು ಎಷ್ಟು ಅರ್ಜಿ ಬರೆದಿದ್ದೇನೆ. ನೆರಳಿನ ಬಗ್ಗೆ ಒಂದು ದಿನ ಯೋಚಿಸಿಲ್ಲ. ಗೊತ್ತಿಲ್ಲ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಮಕ್ಕಳು ಚಪ್ಪಾಳೆ ತಟ್ಟಿದರು, ಅದು ಕಣ್ಣಿಗೆ ಕಂಡಿತು. ಹನ್ನೆರಡನೆಯ ತಾರೀಖಿನ ಸೋಮವಾರದೊಳಗೆ ಎಲ್ಲರೂ ನೋಡಿಕೊಂಡು ಬರಬೇಕೆಂದು ಒಪ್ಪಂದವಾಗಿದೆ. ಎರಡು ದಿನದಿಂದ ನಾನೂ ನಿನ್ನ ದೊಡ್ಡಮ್ಮನೂ ಬಿಸಿಲಿನಲ್ಲಿ ತಾರಸಿಯ ಮೇಲೆ ನಿಂತಿದ್ದೇವೆ. ವಿಮಾನ ಬಂದಾಗ ಮೇಲೆ ನೋಡದೆ ಕೆಳಗೆ ಹೊಲ ನೋಡುವುದು ಎಷ್ಟು ಕಷ್ಟವೆಂದು ನೀನು ಮಾಡಿ ನೋಡಬೇಕು. ಅವಳು ‘ಅಗೋ, ಓಯ್ತು’ ಎನ್ನುತ್ತಾಳೆ. ನನಗಿನ್ನೂ ಕಂಡಿಲ್ಲ.

ನಿನ್ನ ಬಳಗದಲ್ಲಿ ಯಾರಿಗಾದರೂ ಉತ್ತರ ಗೊತ್ತಿರುತ್ತದೆ. ಅಕ್ಬರಿಗೆ ಖಂಡಿತ ಗೊತ್ತಿರುತ್ತದೆ. ಪ್ರಶ್ನೆಯನ್ನು ಅಲ್ಲಿ ಹಾಕು. ಉತ್ತರವನ್ನು ಮಾತ್ರ ಸೋಮವಾರದವರೆಗೆ ನನಗೆ ಯಾರೂ ಹೇಳಕೂಡದು.

ದೊಡ್ಡಪ್ಪ